ಗಾಡಿ ಎಲ್ಲಿ ನಿಲ್ಲುತ್ತೆ? ಗೋಕಾಕ, ಮೂಡಲಗಿ, ಹುಕ್ಕೇರಿಯ ಇವಿ ಚಾರ್ಜಿಂಗ್ ಲೆಕ್ಕ

ಎಲೆಕ್ಟ್ರಿಕ್ ಕಾರಿನ ಮಾತು ಬಂದರೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ರೇಂಜ್ ಎಷ್ಟು? ಫುಲ್ ಚಾರ್ಜ್ ಆಗೋಕೆ ಎಷ್ಟು ನಿಮಿಷ? ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ ಅಂತ ನನಗೆ ಅನಿಸೋಕೆ ಶುರುವಾಗಿದೆ. ದಿನಕ್ಕೆ 60 ಕಿ.ಮೀ. ಓಡೋ ಕಾರು ರಸ್ತೆ ಮೇಲೆ ಇರೋದು ಹೆಚ್ಚೆಂದರೆ ಎರಡು ತಾಸು. ಉಳಿದ 22 ತಾಸು ಅದು ಎಲ್ಲೋ ಸುಮ್ಮನೆ ನಿಂತಿರುತ್ತೆ. ಎಲ್ಲಿ ನಿಂತಿರುತ್ತೆ? ಅಲ್ಲಿಗೆ ಒಂದು ಒಳ್ಳೆ ವೈರ್ ಬರುತ್ತಾ? ಇದಕ್ಕೆ ಉತ್ತರ ಸಿಕ್ಕರೆ ಮೊದಲಿನ ಎರಡು ಪ್ರಶ್ನೆ ಅರ್ಧ ಕರಗಿ ಹೋಗುತ್ತವೆ.

ಯುರೋಪಿನ ದೊಡ್ಡ ಊರುಗಳಲ್ಲಿ ಜನ ಒದ್ದಾಡಿದ್ದೂ ಇದೇ ಪ್ರಶ್ನೆಗೆ. ಆಮ್‌ಸ್ಟರ್‌ಡಾಮ್ ತಗೊಳ್ಳಿ. ಕಾಲುವೆ ಪಕ್ಕ ಒತ್ತೊತ್ತಾಗಿ ನಿಂತ ಹಳೇ ಮನೆಗಳು, ಮಹಡಿಗೊಂದು ಸಂಸಾರ. ತುಂಬಾ ಜನರಿಗೆ ಗ್ಯಾರೇಜೂ ಇಲ್ಲ, ಅಂಗಳವೂ ಇಲ್ಲ. ಕಾರು ನಿಲ್ಲೋದು ರಸ್ತೆ ಬದಿ, ಇವತ್ತು ಮನೆ ಮುಂದೆ, ನಾಳೆ ಜಾಗ ಸಿಗದಿದ್ದರೆ ಹಿಂದಿನ ಬೀದಿಯಲ್ಲಿ. ಮೂರನೇ ಮಹಡಿ ಕಿಟಕಿಯಿಂದ ವೈರ್ ಇಳಿಬಿಡೋಕಂತೂ ಆಗಲ್ಲ. ಅದಕ್ಕೇ ಅಲ್ಲಿನ ನಗರಾಡಳಿತ ಒಂದು ಪದ್ಧತಿ ಮಾಡಿತು. ಸ್ವಂತ ಪಾರ್ಕಿಂಗ್ ಇಲ್ಲದ ನಿವಾಸಿ ಇವಿ ತಗೊಂಡರೆ ಮನೆ ಹತ್ತಿರ ಚಾರ್ಜಿಂಗ್ ಕಂಬ ಬೇಕು ಅಂತ ಅರ್ಜಿ ಕೊಡಬಹುದು, ಸುತ್ತಮುತ್ತಲಿನ ಕಂಬಗಳು ಸಾಲದಿದ್ದರೆ ಹೊಸದೊಂದು ಬರುತ್ತೆ. ಕಂಬದಲ್ಲಿ ಬರೀ ಸಾಕೆಟ್ ಇರುತ್ತೆ, ಕೇಬಲ್ಲನ್ನು ಡಿಕ್ಕಿಯಲ್ಲಿ ತಾವೇ ಹೊತ್ತು ತಿರುಗಬೇಕು. ಲಂಡನ್‌ನವರು ಇನ್ನೂ ಜಾಣರು. ಬೀದಿ ದೀಪದ ಕಂಬಕ್ಕೇ ಸಾಕೆಟ್ ಕೂರಿಸಿದರು. ಹಳೇ ದೀಪ ತೆಗೆದು ಎಲ್‌ಇಡಿ ಹಾಕಿದ್ದರಿಂದ ಕಂಬದ ವೈರಿಂಗ್‌ನಲ್ಲಿ ಉಳಿದ ಸಾಮರ್ಥ್ಯವೇ ಕಾರಿಗೆ ಹೋಗುತ್ತೆ, ಸುಮಾರು 5 ಕಿಲೋವ್ಯಾಟ್. ಇದು ಫಾಸ್ಟ್ ಚಾರ್ಜಿಂಗ್ ಅಲ್ಲವೇ ಅಲ್ಲ, ಆದರೂ ರಾತ್ರಿ ಪೂರ್ತಿ ನಿಲ್ಲೋ ಗಾಡಿಗೆ ಬೇಕಾದಷ್ಟಾಯಿತು. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಪೂರ್ತಿ ಎಲೆಕ್ಟ್ರಿಕ್. ಅಲ್ಲಿಯೂ ಹೆಚ್ಚಿನವರು ಚಾರ್ಜ್ ಮಾಡೋದು ಮನೆಯಲ್ಲಿ, ಮಲಗಿದ್ದಾಗ.

ಬೆಂಗಳೂರಿನ ಕಥೆ ನಿಮಗೆಲ್ಲ ಗೊತ್ತೇ ಇದೆ. 2017ರಲ್ಲಿ ದೇಶದಲ್ಲೇ ಮೊದಲು ಇವಿ ನೀತಿ ತಂದ ರಾಜ್ಯ ನಮ್ಮದು. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳ ಲೆಕ್ಕದಲ್ಲಿ 2024ರಲ್ಲಿ ಐದು ಸಾವಿರ ದಾಟಿ ಕರ್ನಾಟಕವೇ ಮೊದಲ ಸ್ಥಾನದಲ್ಲಿತ್ತು. ಆದರೆ ಅದರಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ. ಅಷ್ಟಿದ್ದರೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಒಂದು ಸಾಕೆಟ್ ಹಾಕಿಸಿಕೊಳ್ಳೋಕೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಜಗಳ ಆಡಬೇಕು.

ಈಗ ನಮ್ಮ ಕಡೆ ಬನ್ನಿ. ನಾನು ಮೂಡಲಗಿ ಕಡೆಯವನು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಲ್ಲಿ ಆಮ್‌ಸ್ಟರ್‌ಡಾಮ್‌ನವರು ಕನಸು ಕಾಣೋ ಒಂದು ವಸ್ತು ಎಲ್ಲರ ಹತ್ತಿರ ಇದೆ: ಅಂಗಳ. ಟ್ರ್ಯಾಕ್ಟರ್, ಟ್ರೇಲರ್, ಎರಡು ಎಮ್ಮೆ ಎಲ್ಲ ನಿಂತ ಮೇಲೂ ಒಂದು ಕಾರಿಗೆ ಜಾಗ ಉಳಿಯುತ್ತೆ. ಹಾಗಾದರೆ ಚಾರ್ಜಿಂಗ್ ಸುಲಭ ಆಗಬೇಕಿತ್ತಲ್ಲ? ಅರ್ಧ ಸುಲಭ. ಉಳಿದರ್ಧ ವೈರಿನ ಕಥೆ.

ಈ ಲೆಕ್ಕಕ್ಕೆ ನಾನು ಕೂತಿದ್ದೇ ನಮ್ಮ ಕಾಕಾನ ಸಲುವಾಗಿ. ಅವರ ಗೊಬ್ಬರದ ಅಂಗಡಿ ಗೋಕಾಕದಲ್ಲಿ, ಮನೆ ಮೂಡಲಗಿ ಕಡೆ ತೋಟದಲ್ಲಿ. ದಿನಾ ಹೋಗಿ ಬರೋದು 60 ಕಿ.ಮೀ. ಹಳೇ ಪೆಟ್ರೋಲ್ ಕಾರು ಮಾರೋ ವಿಚಾರ ಇದೆ. ದೀಪಾವಳಿ ರಜೆಗೆ ಹೋದಾಗ ಕೇಳಿದರು, "ನೀ ಇಂಜಿನಿಯರಿಂಗ್ ಕಲ್ಯಾಕತ್ತಿ, ಹೇಳಪಾ, ಕರೆಂಟ್ ಗಾಡಿ ತಗೊಂಡ್ರ ನಡೀತೈತೋ ಇಲ್ಲೋ?" ನಾನು ಬ್ಯಾಟರಿ, ರೇಂಜ್ ಅಂತ ಶುರು ಮಾಡೋದರೊಳಗೆ ಅವರೇ ತಡೆದರು. "ಅದೆಲ್ಲಾ ಬಿಡು. ನಡುರಾತ್ರ್ಯಾಗ ಆಯಿಗೆ ಉಸಿರಾಟದ ತ್ರಾಸ ಆದ್ರ ಬೆಳಗಾವಿಗೆ ಓಡಬೇಕು. ಆವಾಗ ನಿನ್ನ ಗಾಡಿ ಮೂರು ತಾಸು ತಡಿ ಅಂದ್ರ?" ಆಯಿ ಅಂದರೆ ನಮ್ಮ ಅಜ್ಜಿ. ಹಿಂದಿನ ವರ್ಷ ಎರಡು ಸಲ ಹಾಗೆ ರಾತ್ರೋರಾತ್ರಿ ಕರೆದುಕೊಂಡು ಹೋಗಿದ್ದು ಇದೆ. ತೋಟದಿಂದ ಬೆಳಗಾವಿ ಸುಮಾರು 100 ಕಿ.ಮೀ. ಯೂಟ್ಯೂಬ್ ರಿವ್ಯೂಗಳಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

ಮೊದಲು ಯೂನಿಟ್ ಲೆಕ್ಕ

ಬ್ಯಾಟರಿ ಎಷ್ಟು ಕಿಲೋವ್ಯಾಟ್-ಅವರ್ ಅಂತಾರಲ್ಲ, ಅದು ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ. ಟಾಟಾ ಟಿಯಾಗೋ ಇವಿಯ ದೊಡ್ಡ ಬ್ಯಾಟರಿ 24 ಯೂನಿಟ್, ನೆಕ್ಸಾನ್ ಇವಿಯ ದೊಡ್ಡದು 45, ಎಂಜಿ ವಿಂಡ್ಸರ್‌ನ ಸಣ್ಣದು 38. ಎ.ಸಿ. ಹಾಕಿಕೊಂಡು ನಮ್ಮ ರಸ್ತೆಯಲ್ಲಿ ಓಡಿಸಿದರೆ ಸಣ್ಣ ಕಾರು ಯೂನಿಟ್‌ಗೆ ಸುಮಾರು 8 ಕಿ.ಮೀ. ಕೊಡುತ್ತೆ ಅಂತ ಇಟ್ಟುಕೊಳ್ಳೋಣ. ಕಂಪನಿಯವರು ಇದಕ್ಕಿಂತ ಜಾಸ್ತಿ ಹೇಳ್ತಾರೆ. ಅದು ಟೆಸ್ಟಿಂಗ್ ಲ್ಯಾಬಿನ ಲೆಕ್ಕ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಫಸ್ಟ್ ಗೇರಲ್ಲಿ ತೆವಳೋದು ಅದರಲ್ಲಿ ಸೇರಿಲ್ಲ.

60 ಕಿ.ಮೀ.ಗೆ ಏಳೂವರೆ ಯೂನಿಟ್. ಚಾರ್ಜ್ ಆಗುವಾಗ ಸ್ವಲ್ಪ ಶಾಖವಾಗಿ ಹೋಗುತ್ತೆ, ಹಾಗಾಗಿ ಗೋಡೆಯ ಸಾಕೆಟ್ಟಿನಿಂದ ಎಂಟೂವರೆ ಯೂನಿಟ್ ಎಳೀಬೇಕು. ಮನೆಯ 15 ಆಂಪಿಯರ್ ಸಾಕೆಟ್ ಅಂದರೆ 230 ಗುಣಿಸು 15, ಅಂದರೆ 3,450 ವ್ಯಾಟ್. ಕಾರಿನ ಜೊತೆ ಕೊಡೋ ಪೋರ್ಟಬಲ್ ಚಾರ್ಜರ್ ಸಾಮಾನ್ಯವಾಗಿ 3.3 ಕಿಲೋವ್ಯಾಟ್‌ನದು. ಎಂಟೂವರೆ ಭಾಗಿಸು 3.3, ಎರಡೂವರೆ ತಾಸು ಚಿಲ್ಲರೆ. ಪೂರ್ತಿ ಖಾಲಿಯಿಂದ ಪೂರ್ತಿ ತುಂಬೋಕೆ ಎಂಟೊಂಬತ್ತು ತಾಸು ಬೇಕು ನಿಜ, ಆದರೆ ದಿನಾ ಯಾರೂ ಖಾಲಿ ಮಾಡೋದಿಲ್ಲವಲ್ಲ.

3.3 ಕಿಲೋವ್ಯಾಟ್ ಅಂದರೆ ಎಷ್ಟು? ನಮ್ಮ ಕಡೆಯವರಿಗೆ ಹೇಳೋದಾದರೆ ಸುಲಭ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 5 ಎಚ್‌ಪಿ ಪಂಪು 3.7 ಕಿಲೋವ್ಯಾಟ್. ಅಂದರೆ ಮನೆ ಸಾಕೆಟ್ಟಿನಲ್ಲಿ ಕಾರು ಚಾರ್ಜ್ ಆಗೋದು ಬಾವಿ ಮೇಲಿನ 5 ಎಚ್‌ಪಿ ಮೋಟರಿಗಿಂತ ಸ್ವಲ್ಪ ಕಮ್ಮಿ ಲೋಡು. ಗೋಡೆಗೆ ಹಾಕೋ 7.2 ಕಿಲೋವ್ಯಾಟ್ ಚಾರ್ಜರ್ ಹೆಚ್ಚುಕಡಿಮೆ 10 ಎಚ್‌ಪಿ ಮೋಟರ್ ಇದ್ದ ಹಾಗೆ. ಇದನ್ನು ಹೇಳಿದ ಕೂಡಲೇ ಕಾಕಾಗೆ ಎಲ್ಲಾ ಅರ್ಥ ಆಯ್ತು, ಮುಂದಿನ ಪ್ರಶ್ನೆ ಅವರೇ ಕೇಳಿದರು: "ಹಂಗಾರ ಟಿಸಿ ತಡೀತೈತಾ?"

ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಮನೆಯೊಳಗಿನ ವೈರ್.

ಗೋಡೆಯೊಳಗೆ ಒಂದು ಸೋಲ್ಡರಿಂಗ್ ಐರನ್

ಗೀಜರ್ ಕೂಡ 15 ಆಂಪಿಯರ್ ಸಾಕೆಟ್ಟಿನಲ್ಲೇ ನಡೆಯುತ್ತೆ, ಹಾಗಾದರೆ ಕಾರಿಗೇನು ಅಂತ ಎಲ್ಲರೂ ಕೇಳ್ತಾರೆ. ಗೀಜರ್ ಹತ್ತು ಹದಿನೈದು ನಿಮಿಷ ನಡೆದು ಕಟ್ ಆಗುತ್ತೆ. ಕಾರು ಸತತ ಮೂರು ತಾಸು, ಕೆಲವು ದಿನ ಎಂಟು ತಾಸು ಎಳೀತಾನೇ ಇರುತ್ತೆ. ಸಾಕೆಟ್ ಹಿಂದೆ ಒಂದು ಸ್ಕ್ರೂ ಸಡಿಲ ಇದೆ, ಅಲ್ಲಿ 0.1 ಓಮ್ ರೆಸಿಸ್ಟೆನ್ಸ್ ಬಂದಿದೆ ಅಂದುಕೊಳ್ಳಿ. 15ರ ವರ್ಗ 225, ಗುಣಿಸು 0.1, ಅಂದರೆ 22.5 ವ್ಯಾಟ್ ಶಾಖ. ಫಸ್ಟ್ ಇಯರ್ ಲ್ಯಾಬಲ್ಲಿ ನಾವು ಹಿಡಿದ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಪ್ಲಾಸ್ಟಿಕ್ ಸಾಕೆಟ್ ಒಳಗೆ ಒಂದು ಸೋಲ್ಡರಿಂಗ್ ಐರನ್ ಆನ್ ಮಾಡಿಟ್ಟು ಮಲಗಿದ ಹಾಗೆ. ಹಳೇ ಮನೆಗಳಲ್ಲಿ ಒಂದೂವರೆ ಚದರ ಮಿ.ಮೀ. ವೈರ್ ಇರುತ್ತೆ. ಕಾರಿಗೆ ಮೀಟರ್ ಬೋರ್ಡಿನಿಂದ ಬೇರೆಯಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ಅದಕ್ಕೇ ಅಂತ ಒಂದು ಎಂಸಿಬಿ, ಒಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗಂತೂ ಕೈ ಹಾಕಲೇಬಾರದು.

ಇನ್ನೊಂದು ಅರ್ಥಿಂಗ್. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೂರನೇ ಪಿನ್ನಿನ ತೂತು ಇರುತ್ತೆ, ಅದರ ಹಿಂದೆ ವೈರೇ ಇರೋದಿಲ್ಲ. ಟಿವಿ, ಮಿಕ್ಸರ್ ಏನೂ ಕೇಳೋದಿಲ್ಲ, ನಡೀತವೆ. ಇವಿ ಚಾರ್ಜರ್ ಹಾಗಲ್ಲ, ಅದು ಮೊದಲು ಅರ್ಥ್ ಇದೆಯಾ ಅಂತ ನೋಡುತ್ತೆ, ಇಲ್ಲದಿದ್ದರೆ ಕೆಂಪು ಲೈಟ್ ಹಾಕಿ ಕೂತುಬಿಡುತ್ತೆ. ಚಾರ್ಜರ್ ಕೆಟ್ಟಿದೆ ಅಂತ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡೋದರಲ್ಲಿ ಅರ್ಥವಿಲ್ಲ, ತಪ್ಪು ಗೋಡೆಯಲ್ಲಿದೆ. ಸಿವಿಲ್‌ನವರು ಓದೋ ಮಣ್ಣಿನ ಪಾಠ ಇಲ್ಲಿ ನಮಗೂ ಬೇಕಾಗುತ್ತೆ. ಎರೆ ಮಣ್ಣು ಹಸಿ ಇದ್ದಾಗ ಕರೆಂಟನ್ನು ಚೆನ್ನಾಗಿ ಬಿಡುತ್ತೆ, ಹಾಗಾಗಿ ಎರೆ ಹೊಲಗಳಲ್ಲಿ ಅರ್ಥಿಂಗ್ ಗುಂಡಿ ಸಲೀಸು. ಗೋಕಾಕದ ಗುಡ್ಡದ ಸೆರಗಿನ ಕಲ್ಲು ನೆಲದಲ್ಲಿ ಅಷ್ಟೇ ಆಳದ ಗುಂಡಿ ಸಾಲದೇ ಹೋಗಬಹುದು, ಎರಡು ಗುಂಡಿ ತೋಡಿ ಜೋಡಿಸಬೇಕಾಗುತ್ತೆ. ಎರೆ ಆಗಲಿ ಮಸಾರಿ ಆಗಲಿ, ಏಪ್ರಿಲ್ ಮೇ ತಿಂಗಳಲ್ಲಿ ಒಣಗಿದ ಗುಂಡಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕೋದು ಮರೀಬಾರದು.

ಇಸಿ ಮಿತ್ರರಿಗೆ ಒಂದು ಮಜಾ ವಿಷಯ. ಚಾರ್ಜರ್ ಮತ್ತು ಕಾರು ಒಂದು ಸಣ್ಣ ವೈರಿನಲ್ಲಿ ಮಾತಾಡಿಕೊಳ್ತವೆ, ಅದರ ಹೆಸರು ಕಂಟ್ರೋಲ್ ಪೈಲಟ್. ಕೇಬಲ್ ಖಾಲಿ ಇದ್ದಾಗ ಅದರಲ್ಲಿ 12 ವೋಲ್ಟ್. ಕಾರಿಗೆ ಚುಚ್ಚಿದರೆ ಕಾರಿನೊಳಗಿನ ರೆಸಿಸ್ಟರ್ ಅದನ್ನು 9ಕ್ಕೆ ಇಳಿಸುತ್ತೆ, "ನಾನು ರೆಡಿ" ಅಂದಾಗ 6ಕ್ಕೆ. ಆಮೇಲೆ ಮಾತ್ರ ರಿಲೇ ಕೂಡಿ 230 ವೋಲ್ಟ್ ಹರಿಯೋದು. ಮಳೆಯಲ್ಲಿ ಒದ್ದೆ ಕೈಯಲ್ಲಿ ಗನ್ ಹಿಡಿದರೂ ಶಾಕ್ ಹೊಡೆಯದಿರೋದಕ್ಕೆ ದೊಡ್ಡ ಕಾರಣ ಇದೇ. ಎಷ್ಟು ಆಂಪಿಯರ್ ಎಳೀಬಹುದು ಅನ್ನೋದನ್ನು ಚಾರ್ಜರ್ ಅದೇ ವೈರಿನಲ್ಲಿ 1 ಕಿಲೋಹರ್ಟ್ಸ್ ಪಿಡಬ್ಲ್ಯುಎಂ ಆಗಿ ಹೇಳುತ್ತೆ. ಡ್ಯೂಟಿ ಸೈಕಲ್ ಶೇಕಡಾ 25 ಇದ್ದರೆ 15 ಆಂಪಿಯರ್, 50 ಇದ್ದರೆ 30. ಸೆಮಿಸ್ಟರ್ ಪೂರ್ತಿ ಪಿಡಬ್ಲ್ಯುಎಂ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು.

ಊರ ಲೈನು, ತೋಟದ ಲೈನು

ನಮ್ಮ ಕಡೆಯ ನಿಜವಾದ ಗಂಟು ಇಲ್ಲಿದೆ. ಊರೊಳಗಿನ ಮನೆಗಳಿಗೆ ಒಂದು ಲೈನು, ಹೊಲ ತೋಟದ ಪಂಪುಗಳಿಗೆ ಬೇರೆ ಲೈನು. ನಿರಂತರ ಜ್ಯೋತಿ ಯೋಜನೆಯಲ್ಲಿ ಹಾಗೆ ಬೇರ್ಪಡಿಸಿದ್ದಾರೆ. ಪಂಪಿನ ಲೈನಿಗೆ ಮೂರು ಫೇಸ್ ಕರೆಂಟ್ ದಿನಕ್ಕೆ 7 ತಾಸು ಅನ್ನೋದು ಸರ್ಕಾರದ ಲೆಕ್ಕ, ಅದೂ ಪಾಳಿ ಪ್ರಕಾರ. ಉಳಿದ ಹೊತ್ತಿನಲ್ಲಿ ತೋಟದ ಮನೆಯ ದೀಪಕ್ಕೆ ಅಂತ ರಾತ್ರಿ ಸಿಂಗಲ್ ಫೇಸ್ ಬಿಡ್ತಾರೆ. ಆದರೆ ಬೆಳಗಾವಿ ಜಿಲ್ಲೆಯಲ್ಲಿ ತುಂಬಾ ಜನ ತೋಟದಲ್ಲೂ ಮನೆ ಕಟ್ಟಿಕೊಂಡು ಇರ್ತಾರೆ. ಅವರ ಅಂಗಳದಲ್ಲಿ ಜಾಗ ಬೇಕಾದಷ್ಟಿದೆ, ವೈರೂ ಇದೆ, ಆ ವೈರು ಮಾತ್ರ ದೀಪ ಹಚ್ಚೋಕೆ ಅಂತ ಬಂದದ್ದು.

ರಾತ್ರಿ ಸಿಂಗಲ್ ಫೇಸ್‌ನಲ್ಲಿ ಕಂಡೆನ್ಸರ್ ಕೂರಿಸಿ ಮೋಟರ್ ಓಡಿಸೋ ವಿದ್ಯೆ ನಮ್ಮ ಕಡೆ ಹೊಸದೇನಲ್ಲ. ನಾಲ್ಕು ಜನ ಹಾಗೆ ಮಾಡಿದರೆ ವೋಲ್ಟೇಜ್ ಕುಸಿಯುತ್ತೆ. ಆಗ ಏನಾಗುತ್ತೆ ನೋಡಿ. ಮೋಟರಿಗೆ ವೋಲ್ಟೇಜ್ ಕಮ್ಮಿಯಾದರೆ ಅದು ಅದೇ ನೀರು ಎತ್ತೋಕೆ ಜಾಸ್ತಿ ಕರೆಂಟ್ ಎಳೀತದೆ, ಬಿಸಿಯಾಗಿ ಸುಟ್ಟುಕೊಳ್ಳುತ್ತೆ. ಇವಿ ಚಾರ್ಜರ್ ಹಾಗೆ ಮಾಡೋದಿಲ್ಲ, ತನ್ನ ಆಂಪಿಯರ್ ಮಿತಿ ದಾಟೋದಿಲ್ಲ. 230 ವೋಲ್ಟಿನ ಬದಲು 185 ಬಂದರೆ 3.3ರ ಬದಲು ಎರಡೂಮುಕ್ಕಾಲು ಕಿಲೋವ್ಯಾಟಿಗಿಂತ ಕಮ್ಮಿ ಸಿಗುತ್ತೆ, ಚಾರ್ಜ್ ನಿಧಾನ ಆಗುತ್ತೆ. ಇನ್ನೂ ಕುಸಿದರೆ ಬಂದ್ ಮಾಡಿ ಕಾಯುತ್ತೆ. ಕಾರು ಸುಡೋದಿಲ್ಲ, ಆದರೆ ಬೆಳಗ್ಗೆ ಎದ್ದು ನೋಡಿದರೆ ನೀವು ಅಂದುಕೊಂಡಷ್ಟು ತುಂಬಿರೋದಿಲ್ಲ. ಪಂಪ್‌ಸೆಟ್ಟಿನ ಉಚಿತ ಕರೆಂಟಿಗೆ ಕಾರು ಚುಚ್ಚಿದರೆ ಹೇಗೆ ಅಂತ ಕೇಳೋರೂ ಇದ್ದಾರೆ. 10 ಎಚ್‌ಪಿವರೆಗೆ ಆ ಕರೆಂಟು ನೀರೆತ್ತೋಕೆ ಮಾತ್ರ ಕೊಟ್ಟದ್ದು. ಕಾರಿಗೆ ಬಳಸಿದರೆ ಅದು ಕಳ್ಳತನದ ಲೆಕ್ಕಕ್ಕೇ ಬರುತ್ತೆ.

ಹಾಗಾದರೆ ಆಯಿಯ ಪ್ರಶ್ನೆಗೆ ಉತ್ತರ? ರಾತ್ರಿ ತೋಟದಲ್ಲೇ ಚಾರ್ಜ್ ಮಾಡಬೇಕು ಅಂತ ಲೆಕ್ಕ ಹಾಕಿದರೆ ಕಷ್ಟ. 24 ಯೂನಿಟ್ಟಿನ ಕಾರು ಸಂಜೆ ಮನೆಗೆ ಬಂದಾಗ 60 ಕಿ.ಮೀ. ಓಡಿ ಏಳೂವರೆ ಯೂನಿಟ್ ಕಳೆದುಕೊಂಡಿರುತ್ತೆ, ಉಳಿದದ್ದು ಹದಿನಾರೂವರೆ. ಅದರಲ್ಲಿ ಬೆಳಗಾವಿ ಮುಟ್ಟಬಹುದು. ಆದರೆ ಆ ರಾತ್ರಿ ಕರೆಂಟ್ ಕೈ ಕೊಟ್ಟರೆ ಮಾರನೇ ರಾತ್ರಿಗೆ ಒಂಬತ್ತೇ ಯೂನಿಟ್ ಉಳಿಯುತ್ತೆ, 72 ಕಿ.ಮೀ. ದಾಟೋದಿಲ್ಲ. 45 ಯೂನಿಟ್ಟಿನ ಗಾಡಿ ತಗೊಂಡರೆ ಈ ಭಯ ಇಲ್ಲ, ಆದರೆ ಅದಕ್ಕೆ ಲಕ್ಷಗಟ್ಟಲೆ ಜಾಸ್ತಿ ಕೊಡಬೇಕು. ಬರೀ ಭಯಕ್ಕೆ ಕೊಡೋ ದುಡ್ಡು ಅದು.

ಆಗ ನಾವಿಬ್ಬರೂ ಗಮನಿಸದ ಒಂದು ವಿಷಯ ಕಾಕು ಹೇಳಿದರು. "ಹಗಲೆಲ್ಲಾ ಗಾಡಿ ಅಂಗಡಿ ಮುಂದ ಬಿಸಿಲಾಗ ನಿಂತಿರತೈತಲ್ಲ, ಅಲ್ಲೇ ಹಚ್ಚಿದ್ರಾತಪಾ." ಹೌದಲ್ಲ! ಗೋಕಾಕ ಪಟ್ಟಣದ ಲೈನು, ಹಗಲು ಎಂಟು ತಾಸು, ಬೇಕಾದ್ದು ಎರಡೂವರೆ ತಾಸು. ಸಂಜೆ ಅಂಗಡಿ ಬಾಗಿಲು ಹಾಕುವಾಗ ಬ್ಯಾಟರಿ ಫುಲ್. ಮನೆಗೆ 30 ಕಿ.ಮೀ. ಬರೋಕೆ ನಾಲ್ಕು ಯೂನಿಟ್ ಹೋದರೂ ರಾತ್ರಿ ತೋಟದಲ್ಲಿ ನಿಂತ ಕಾರಿನಲ್ಲಿ ಯಾವಾಗಲೂ 20 ಯೂನಿಟ್ ಇರುತ್ತೆ, ಅಂದರೆ 160 ಕಿ.ಮೀ. ಬೆಳಗಾವಿ ಮುಟ್ಟಿ ಆಸ್ಪತ್ರೆ ಸುತ್ತಾಡಿದರೂ ಉಳಿಯುತ್ತೆ. ವಾಪಸ್ ಬರೋಕೆ ಮಾತ್ರ ಬೆಳಗಾವಿಯಲ್ಲಿ ಸ್ವಲ್ಪ ತುಂಬಿಸಬೇಕು, ಆಸ್ಪತ್ರೆ ಕೆಲಸ ಅಂದರೆ ಕಾಯೋ ಹೊತ್ತು ಹೇಗೂ ಇರುತ್ತೆ. ತೋಟದ ಸಾಕೆಟ್ ಭಾನುವಾರಕ್ಕೆ, ಅಂಗಡಿ ರಜೆ ಇದ್ದಾಗ. ದೊಡ್ಡ ಬ್ಯಾಟರಿಯೂ ಬೇಡ, ಫಾಸ್ಟ್ ಚಾರ್ಜರೂ ಬೇಡ. ಅಂಗಡಿ ಬಾಡಿಗೆಯದು, ಮಾಲೀಕರು ಒಪ್ಪಬೇಕು ಅನ್ನೋದು ಒಂದೇ ತೊಡಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಜಗಳ ಗೋಕಾಕಕ್ಕೂ ಬಂತು ಅನ್ನಿ.

ಉಚಿತ 200 ಯೂನಿಟ್ ಏನಾಗುತ್ತೆ?

ಇದು ನಮ್ಮ ರಾಜ್ಯಕ್ಕೇ ವಿಶೇಷವಾದ ಲೆಕ್ಕ. ಗೃಹಜ್ಯೋತಿಯಲ್ಲಿ ಎಲ್ಲರಿಗೂ ನೇರವಾಗಿ 200 ಯೂನಿಟ್ ಉಚಿತ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಅಷ್ಟು ಉಚಿತ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ತಿಂಗಳಿಗೆ 70 ಯೂನಿಟ್ ಬಳಸೋ ಮನೆಗೆ ಕಾರಿನ 210 ಯೂನಿಟ್ ಸೇರಿದರೆ 280. ಉಚಿತ ಹೋಯ್ತು. ಯೂನಿಟ್‌ಗೆ ಸುಮಾರು 6 ರೂಪಾಯಿ, ಮೇಲೆ ಸ್ಥಿರ ಶುಲ್ಕ, ತೆರಿಗೆ, ಎಲ್ಲ ಸೇರಿ ಎರಡೂವರೆ ಸಾವಿರದ ಆಸುಪಾಸು ಬಿಲ್. ಅಂಗಡಿ ಮೀಟರಿನಲ್ಲಿ ಚಾರ್ಜ್ ಮಾಡಿದರೆ ವಾಣಿಜ್ಯ ದರ, ಯೂನಿಟ್‌ಗೆ ಒಂದೆರಡು ರೂಪಾಯಿ ಜಾಸ್ತಿ, ಆದರೆ ಮನೆಯ ಉಚಿತ ಕರೆಂಟ್ ಉಳಿಯುತ್ತೆ. ಕೂಡಿಸಿ ಕಳೆದರೆ ಎರಡೂ ಹೆಚ್ಚುಕಡಿಮೆ ಒಂದೇ. ಅದೇ 1,500 ಕಿ.ಮೀ.ಗೆ ಪೆಟ್ರೋಲ್ ಕಾರಿಗೆ 100 ಲೀಟರ್ ಬೇಕು, ಹತ್ತು ಸಾವಿರ ದಾಟುತ್ತೆ. ಹಾಗಾಗಿ ಗೃಹಜ್ಯೋತಿ ಹೋಗುತ್ತೆ ಅಂತ ಇವಿ ಬಿಡೋದು ಲೆಕ್ಕಕ್ಕೆ ಸರಿಬರೋದಿಲ್ಲ. ಮನೆಯಲ್ಲಿ ಝೀರೋ ಬಿಲ್ ಬರೋ ಖುಷಿಯೇ ಬೇರೆ ಅನ್ನೋದೂ ನಿಜ.

ಮಂಜೂರಾದ ಲೋಡ್ ಎಷ್ಟು ಅನ್ನೋದನ್ನು ಬಿಲ್ಲಿನಲ್ಲಿ ನೋಡಿ. ಒಂದೋ ಎರಡೋ ಕಿಲೋವ್ಯಾಟ್ ಇರುತ್ತೆ. ಅದರ ಮೇಲೆ 3.3 ಹಾಕುವ ಮೊದಲು ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಬೇಕು. ಕೆಇಆರ್‌ಸಿ ದರಪಟ್ಟಿಯಲ್ಲಿ ಇವಿ ಚಾರ್ಜಿಂಗ್‌ಗೆ ಬೇರೆ ವರ್ಗವೂ ಇದೆ, ಎಲ್‌ಟಿ-6ಸಿ. ಇನ್ನು ಬೇರೆಯವರ ಗಾಡಿ ಚಾರ್ಜ್ ಮಾಡಿ ದುಡ್ಡು ತಗೊಳ್ಳೋಕೆ ವಿದ್ಯುತ್ ಮಾರಾಟದ ಲೈಸೆನ್ಸ್ ಬೇಕಿಲ್ಲ, 2018ರಲ್ಲೇ ಕೇಂದ್ರ ಇಂಧನ ಸಚಿವಾಲಯ ಹೇಳಿದೆ. ಧಾಬಾದವರು, ಕರದಂಟಿನ ಅಂಗಡಿಯವರು ಇದನ್ನು ಯೋಚಿಸಬೇಕು. ಗಿರಾಕಿ ಮುಕ್ಕಾಲು ತಾಸು ಬೇರೆಲ್ಲೂ ಹೋಗದೆ ಅಂಗಡಿ ಮುಂದೇ ನಿಲ್ಲೋ ವ್ಯಾಪಾರ ಇದೊಂದೇ.

ಹುಕ್ಕೇರಿಯ ಮಾತೇ ಬೇರೆ

ಹುಕ್ಕೇರಿ ತಾಲೂಕಿನಲ್ಲಿ ಕರೆಂಟ್ ಹಂಚೋದು ಒಂದು ಸಹಕಾರಿ ಸಂಘ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆ ಅಂತ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರು ಮಾಡಿದರು, ಅದರಲ್ಲಿ ಹುಕ್ಕೇರಿಯದೂ ಒಂದು. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಅದರ ಚುನಾವಣೆ ಎಂಎಲ್‌ಎ ಚುನಾವಣೆಯಷ್ಟೇ ಬಿಸಿ ಇರುತ್ತೆ, ಅದು ಬಿಡಿ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಆಮ್‌ಸ್ಟರ್‌ಡಾಮ್‌ನಲ್ಲಿ ಜನ ಕೇಳಿದರು, ಕಂಬ ಬಂತು. ನಮ್ಮಲ್ಲಿ ಹಾಗೆ ಕೇಳೋದು ಯಾರನ್ನ ಅಂತ ಬಹಳ ಜನರಿಗೆ ಗೊತ್ತಾಗೋದಿಲ್ಲ. ಹುಕ್ಕೇರಿಯವರಿಗೆ ಮಾತ್ರ ಕೇಳೋ ಜಾಗ ಊರಲ್ಲೇ ಇದೆ. ವೋಟು ಹಾಕಿ ಗೆಲ್ಲಿಸಿದ ನಿರ್ದೇಶಕರನ್ನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು "ಬಸ್ ಸ್ಟ್ಯಾಂಡ್ ಹತ್ತಿರ ಒಂದು ಚಾರ್ಜಿಂಗ್ ಕಂಬ ಹಾಕಸ್ರೀ" ಅಂತ ಸದಸ್ಯರು ಕೇಳಬಹುದು.

ಹುಕ್ಕೇರಿಗೆ ಇನ್ನೊಂದು ಅನುಕೂಲ, ರಾಷ್ಟ್ರೀಯ ಹೆದ್ದಾರಿ 48 ಅದೇ ತಾಲೂಕಿನ ಯಮಕನಮರಡಿ, ಸಂಕೇಶ್ವರದ ಮೇಲೆ ಹಾದು ಕೊಲ್ಲಾಪುರಕ್ಕೆ ಹೋಗುತ್ತೆ. ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿ.ಮೀ.ಗೆ ಒಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಕೇಂದ್ರದ ಮಾರ್ಗಸೂಚಿ ಇತ್ತು. ಫಾಸ್ಟ್ ಚಾರ್ಜರ್ ಬೇಕಾಗೋದು ಇಲ್ಲಿ, ದೂರ ಹೋಗೋರಿಗೆ. ಅದು ಕೆಲಸ ಮಾಡೋ ರೀತಿ ಬೇರೆ. ಮನೆಯ ಎ.ಸಿ. ಕರೆಂಟನ್ನು ಡಿ.ಸಿ. ಮಾಡೋದು ಕಾರಿನೊಳಗಿನ ಸಣ್ಣ ಚಾರ್ಜರ್. ಹೆದ್ದಾರಿಯಲ್ಲಿ ಆ ಕೆಲಸವನ್ನು ಬೀರುವಿನಷ್ಟು ದೊಡ್ಡ ಡಬ್ಬಿ ಹೊರಗೇ ಮಾಡಿ ನೇರ ಬ್ಯಾಟರಿಗೆ ಡಿ.ಸಿ. ಕೊಡುತ್ತೆ, 30, 60 ಕಿಲೋವ್ಯಾಟ್, ಇನ್ನೂ ಜಾಸ್ತಿ. ಶೇಕಡಾ 80 ಆದ ಮೇಲೆ ವೇಗ ಇಳಿಯುತ್ತೆ. ಜಾತ್ರೆ ಬಸ್ಸಿಗೆ ಮೊದಲ ನಲವತ್ತು ಜನ ಓಡಿ ಹತ್ತಿ ಕೂರ್ತಾರೆ, ಕೊನೆಯ ಹತ್ತು ಜನ ಕಾಲಿಡೋಕೆ ಜಾಗ ಹುಡುಕಬೇಕು, ಹಾಗೆ. ಹಾಗಾಗಿ ಹೆದ್ದಾರಿಯಲ್ಲಿ 80ಕ್ಕೆ ಕಿತ್ತುಕೊಂಡು ಹೊರಡೋದು ಒಳ್ಳೇದು, ಹಿಂದೆ ನಿಂತವರಿಗೂ ಅನುಕೂಲ.

ಟಿಸಿ ತಡೀತೈತಾ?

ಕಾಕಾನ ಪ್ರಶ್ನೆ ಬಾಕಿ ಇದೆ. ನಮ್ಮ ಕಡೆ ಕಂಬದ ಮೇಲಿರೋ ಟಿಸಿಗಳು 25, 63, 100 ಕೆವಿಎ. ಒಂದು 60 ಕಿಲೋವ್ಯಾಟ್ ಫಾಸ್ಟ್ ಚಾರ್ಜರ್ ಒಬ್ಬನೇ ಒಂದು 63 ಕೆವಿಎ ಟಿಸಿಯನ್ನು ಪೂರ್ತಿ ತಿಂದು ಹಾಕ್ತಾನೆ, ಅವನಿಗೆ ಪ್ರತ್ಯೇಕ ಟಿಸಿಯೇ ಬೇಕು. ದಿನಕ್ಕೆ ಎರಡು ಕಾರು ಬರೋ ಹಳ್ಳಿಯಲ್ಲಿ ಅಷ್ಟು ಖರ್ಚು ಯಾರು ಮಾಡ್ತಾರೆ? ಊರೂರಿಗೆ ಫಾಸ್ಟ್ ಚಾರ್ಜರ್ ಬರೋವರೆಗೆ ಕಾಯೋದರಲ್ಲಿ ನನಗೆ ನಂಬಿಕೆ ಇಲ್ಲದಿರೋದು ಇದಕ್ಕೇ.

ಕರೆಂಟ್ ಹುಟ್ಟಿಸೋದರಲ್ಲಿ ನಮ್ಮ ಸೀಮೆ ಹಿಂದಿಲ್ಲ. ಗೋಕಾಕ ಫಾಲ್ಸ್‌ನಲ್ಲಿ 1887ರಿಂದ ಮಿಲ್ಲಿನ ಯಂತ್ರಗಳಿಗೆ ಘಟಪ್ರಭೆಯ ನೀರಿನ ಬಲ ಬಳಸಿದರು, ಏಷ್ಯಾದಲ್ಲೇ ಮೊದಲ ಕರೆಂಟ್ ನಮ್ಮದು ಅಂತ ಗೋಕಾಕದವರು ಇವತ್ತಿಗೂ ಎದೆ ತಟ್ಟಿ ಹೇಳ್ತಾರೆ. ಹಿಡಕಲ್ ಡ್ಯಾಂನಲ್ಲಿ 16 ಮೆಗಾವ್ಯಾಟ್‌ನ ಎರಡು ಯಂತ್ರಗಳಿವೆ. ಚಳಿಗಾಲದಲ್ಲಿ ಕಬ್ಬು ನುರಿಸುವಾಗ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಸಿಪ್ಪೆ ಸುಟ್ಟು ಕರೆಂಟ್ ಮಾಡಿ ಗ್ರಿಡ್‌ಗೆ ಕೊಡ್ತವೆ. ಅದೇ ಕಬ್ಬು ಎಥನಾಲ್ ಆಗಿ ಪೆಟ್ರೋಲಿಗೂ ಸೇರುತ್ತೆ, ಅಂದರೆ ಯಾವ ಕಾರು ತಗೊಂಡರೂ ನಾವು ಓಡೋದು ಸ್ವಲ್ಪ ಕಬ್ಬಿನ ಮೇಲೇ. ಕೊರತೆ ಇರೋದು ಕೊನೆಯ ಅರ್ಧ ಕಿಲೋಮೀಟರಿನಲ್ಲಿ, ಟಿಸಿಯಿಂದ ಮನೆಗೆ.

ಒಂದು 63 ಕೆವಿಎ ಟಿಸಿ ಮೇಲೆ 15 ಮನೆಯವರು ಇವಿ ತಗೊಂಡು ಎಲ್ಲರೂ ರಾತ್ರಿ 8ಕ್ಕೆ ಚುಚ್ಚಿದರು ಅಂದುಕೊಳ್ಳಿ. 15 ಗುಣಿಸು 3.3, ಸುಮಾರು 50 ಕಿಲೋವ್ಯಾಟ್. ಅದೇ ಹೊತ್ತಿಗೆ ದೀಪ, ಟಿವಿ, ಮಿಕ್ಸರ್ ಎಲ್ಲಾ ನಡೀತಿರುತ್ತೆ, ಟಿಸಿ ಉಳಿಯೋದಿಲ್ಲ. ಆದರೆ ಒಬ್ಬೊಬ್ಬರಿಗೆ ಬೇಕಾದ್ದು ಮೂರೇ ತಾಸು. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಒಂಬತ್ತು ತಾಸು, ಮೂರು ಪಾಳಿ, ಪಾಳಿಗೆ ಐದು ಕಾರು. ಒಂದು ಹೊತ್ತಿಗೆ ಹದಿನಾರೂವರೆ ಕಿಲೋವ್ಯಾಟ್, ಅದೂ ಊರೆಲ್ಲ ಮಲಗಿದ ಮೇಲೆ. ಟಿಸಿಗೆ ಇದೊಂದು ಲೋಡೇ ಅಲ್ಲ. ಕಾಲುವೆ ನೀರಿಗೆ, ಪಂಪಿನ ಕರೆಂಟಿಗೆ ಪಾಳಿ ಹಚ್ಚೋದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಿಲ್ಲ. ಕಾರಿನ ಪಾಳಿ ಇನ್ನೂ ಸುಲಭ. ನಡುರಾತ್ರಿ ಟಾರ್ಚ್ ಹಿಡಿದು ಎದ್ದು ಹೋಗೋದು ಬೇಡ, ಕಾರಿನಲ್ಲೋ ಫೋನಿನ ಆಪ್‌ನಲ್ಲೋ ಒಂದು ಸಲ ಟೈಮರ್ ಇಟ್ಟರೆ ಆಯ್ತು. ಮೊದಲ ಪಾಳಿ ಯಾರ ಮನೆಗೆ ಅನ್ನೋದನ್ನು ಮಾತ್ರ ಕಟ್ಟೆ ಮೇಲೆ ಕೂತು ತೀರ್ಮಾನ ಮಾಡಬೇಕು. ವಯಸ್ಸಾದವರಿರೋ ಮನೆಯ ಗಾಡಿಗೆ ಮೊದಲ ಪಾಳಿ ಕೊಡಬೇಕು ಅನ್ನೋದು ಕಾಕಾನ ವಾದ.